ಗ್ಲೆಂಡಾಳ ಹಲಗೆಯ ಮೇಲಿನ ಹೆಸರು

ಕೋಲ್ಬಿ ಟ್ರಾಸ್ಕ್ ನಮ್ಮ ಬ್ರೆನ್ನಿಕ್ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಹೆಡ್ ಕೋಚ್ ಆಗಿ ಬಂದ ದಿನವೇ ಅವನ ಹಲ್ಲು ಕಂಡರೆ ನನಗಾಗಲಿಲ್ಲ. ಅಷ್ಟು ಬೆಳ್ಳಗಿನ ಹಲ್ಲು ಅಯೋವಾದಲ್ಲಿ ಯಾರಿಗೂ ಇಲ್ಲ. ಟೆಕ್ಸಾಸಿನವನು, ನನ್ನ ಮಗನ ವಯಸ್ಸು. ಹಳೆಯ ಕೋಚ್ ನಿವೃತ್ತರಾದಾಗ ಆ ಕುರ್ಚಿ ನನ್ನದೇ ಎಂದು ಊರೆಲ್ಲ ಮಾತಾಡಿಕೊಂಡಿತ್ತು. ಎದುರಾಳಿಗಳನ್ನು ತಡೆದು ನಿಲ್ಲಿಸುವ ರಕ್ಷಣಾ ಪಡೆಯನ್ನು ಅರ್ಧ ಆಯುಷ್ಯ ಸವೆಸಿ ತಿದ್ದಿದವನು ನಾನು, ಮರ್ಲ್ ಡೈಕ್‌ಸ್ಟ್ರಾ. ಕುರ್ಚಿಯಲ್ಲಿ ಹೋಗಿ ಕೂತವನು ಅವನು.

ಕಾಲೇಜಿನ ಅಧ್ಯಕ್ಷೆ ನನ್ನನ್ನು ಕರೆಸಿ ಬೆನ್ನು ಸವರುವ ಮಾತಾಡಿದರು.

"ಒಂದೇ ವರ್ಷಕ್ಕೆ ತಗೊಂಡಿರೋದು ಮರ್ಲ್. ಬೇರೆ ಯಾರನ್ನ ಗೆದ್ರೂ ಅಷ್ಟೇ, ಟಾಲ್‌ಮನ್ ಹತ್ರ ಸೋತ್ರೆ ಅವನು ಮನೆಗೆ. ಆಮೇಲೆ ನೀವಿದೀರಲ್ಲ."

ಟಾಲ್‌ಮನ್ ಕಾಲೇಜು ನದಿಯ ಆಚೆ ದಡದಲ್ಲಿದೆ. ಅವರೊಂದಿಗೆ ಋತುವಿನ ಕೊನೆಯ ಪಂದ್ಯ. ಅದನ್ನು ಸೋತ ಕೋಚ್‌ಗೆ ಚರ್ಚಿನಲ್ಲಿ ಪಕ್ಕದವರು ಕೈ ಕುಲುಕುವುದಿಲ್ಲ. ನಾನು ಆ ಶನಿವಾರಕ್ಕಾಗಿ ಕಾಯತೊಡಗಿದೆ.

ಅಷ್ಟರೊಳಗೆ ಆ ಮಹಾನುಭಾವ ಗೆಲ್ಲತೊಡಗಿದ. ಸೆಪ್ಟೆಂಬರಿನಲ್ಲಿ ಗೆದ್ದ, ಅಕ್ಟೋಬರಿನಲ್ಲೂ ಗೆದ್ದ. ನನ್ನ ಸಂಕಟ ಯಾರಿಗೆ ಹೇಳಲಿ? ನನ್ನ ಹುಡುಗರು ಒಂದು ಅಂಕವನ್ನೂ ಬಿಟ್ಟುಕೊಡಬಾರದು, ಅವನು ಮಾತ್ರ ಸೋಲಬೇಕು. ಇಂಥ ಪ್ರಾರ್ಥನೆಯನ್ನು ದೇವರಾದರೂ ಹೇಗೆ ನಡೆಸಿಕೊಟ್ಟಾನು?

ಅದರ ಮೇಲೆ ಅವನ ಟೈಮ್‌ಔಟ್ ಬೇರೆ. ಕೊನೆಯ ಗಳಿಗೆಯಲ್ಲಿ ಎದುರಾಳಿ ಆಟಗಾರ ಕಂಬಗಳ ನಡುವೆ ಚೆಂಡು ಒದೆಯಲು ಸಿದ್ಧನಾಗುತ್ತಿದ್ದಂತೆ ಕೈ ಎತ್ತಿ ಆಟ ನಿಲ್ಲಿಸುವುದು. ನಿಂತಲ್ಲೇ ಯೋಚಿಸಿ ಯೋಚಿಸಿ ಆ ಹುಡುಗನ ಕಾಲು ತಣ್ಣಗಾಗಲಿ ಎಂದು. ಇದು ಎಲ್ಲ ಕೋಚ್‌ಗಳೂ ಮಾಡುವ ಹಳೇ ಕಿತಾಪತಿ. ಆದರೆ ಟ್ರಾಸ್ಕ್ ಮಾಡಿದಾಗ ಎರಡು ಸಲವೂ ಚೆಂಡು ಗುರಿ ತಪ್ಪಿ ಕಂಬದ ಹೊರಗೆ ಹೋಯಿತು. ಊರು ಅವನನ್ನು ಮಂತ್ರವಾದಿ ಮಾಡಿಬಿಟ್ಟಿತು.

ಆ ವಾರ ಗ್ಲೆಂಡಾಳ ಹೋಟೆಲಿಗೆ ಹೋದರೆ ತಿಂಡಿಯ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಅವನ ಹೆಸರು.

"ಏನ್ ಗ್ಲೆಂಡಾ ಇದು?"

"ಟ್ರಾಸ್ಕ್ ಪ್ಯಾನ್‌ಕೇಕ್. ಮೂರು ಅಂತಸ್ತು, ಮೇಲೆ ಬೇಕನ್. ಯಾಕೆ, ಗೆದ್ದೂ ಮುಖ ಹರಳೆಣ್ಣೆ ಕುಡಿದಂಗಿದೆ?"

"ಇಷ್ಟು ವರ್ಷ ಇಲ್ಲೇ ತಿಂದಿದೀನಿ. ನನ್ನ ಹೆಸರಲ್ಲಿ ಒಂದು ಮೊಟ್ಟೆನಾದ್ರೂ ಬೇಯಿಸಿದೀಯಾ?"

"ನಿನ್ನ ಹೆಸರಲ್ಲಿ ಏನ್ ಮಾಡ್ಲಿ? ಉಪ್ಪಿನಕಾಯಾ?"

ಹೋಟೆಲಿಗೆ ಹೋಟೆಲೇ ನಕ್ಕಿತು. ನನ್ನ ಹೊಟ್ಟೆಯಲ್ಲಿ ಬೆಂಕಿ ಬಿತ್ತು, ಸುಳ್ಳು ಯಾಕೆ ಹೇಳಲಿ.

ಅವನು ಕೆಟ್ಟವನಾದರೂ ಆಗಿದ್ದರೆ ಒಂದು ನೆಮ್ಮದಿ ಇರುತ್ತಿತ್ತು. ನನ್ನ ಹೆಂಡತಿ ಆರ್ಡಿಸ್‌ಗೆ ಮೊಣಕಾಲಿನ ಆಪರೇಷನ್ ಆದಾಗ ಬೆಳಿಗ್ಗೆ ಎದ್ದು ನೋಡಿದರೆ, ನಮ್ಮ ಮನೆ ಮುಂದಿನ ಹಿಮವನ್ನೆಲ್ಲ ಯಾರೋ ಸಲಿಕೆಯಲ್ಲಿ ಎತ್ತಿ ಹಾಕುತ್ತಿದ್ದಾರೆ. ಯಾರೋ ಏನು, ಅವನೇ. ಕಿಟಕಿಯತ್ತ ನೋಡಿ ಹಲ್ಲು ಬಿಟ್ಟ.

"ಒಳ್ಳೆ ಹುಡುಗ ಕಣೋ ಮರ್ಲ್," ಎಂದಳು ಆರ್ಡಿಸ್, "ನಿನಗೆ ಅದೇ ಕಷ್ಟ."

"ನಮ್ಮನೆ ಹಿಮ ಎತ್ತೋಕೆ ನನಗೆ ಕೈ ಇಲ್ವಾ?"

"ಇದೆ. ನೀನು ಅದನ್ನ ಕಟ್ಕೊಂಡು ಕೂತಿದೀಯ."

ಕೊನೆಗೂ ಆ ಶನಿವಾರ ಬಂತು. ನದಿಯ ಮೇಲಿಂದ ಗಾಳಿ ಕೊರೆಯುತ್ತಿತ್ತು. ಪಂದ್ಯ ಮುಗಿಯಲು ಇನ್ನೇನು ಕಣ್ಣು ಮಿಟುಕಿಸುವಷ್ಟು ಹೊತ್ತು. ನಾವು ಎರಡೇ ಅಂಕ ಮುಂದೆ, ಚೆಂಡು ಟಾಲ್‌ಮನ್‌ನವರ ಕೈಯಲ್ಲಿ, ಅದೂ ನಮ್ಮ ಗೋಲಿನ ಗೆರೆಯ ಬುಡದಲ್ಲಿ. ಸಾಲಾಗಿ ಮೂರು ಸಲ ಅವರು ನುಗ್ಗಿದರು. ಮೂರು ಸಲವೂ ನನ್ನ ಹುಡುಗರು ಹೆಲ್ಮೆಟ್ಟಿಗೆ ಹೆಲ್ಮೆಟ್ಟು ಕೊಟ್ಟು ತಡೆದರು. ನಮ್ಮ ಲವೆಲ್ ಮುರಿದ ಬೆರಳಿಗೆ ಪಟ್ಟಿ ಸುತ್ತಿಕೊಂಡೇ ಒಬ್ಬನನ್ನು ಎತ್ತಿ ಹಿಂದಕ್ಕೆ ಎಸೆದ.

ನುಗ್ಗಿ ಪ್ರಯೋಜನವಿಲ್ಲವೆಂದು ಅವರು ಚೆಂಡು ಒದೆಯುವ ಹುಡುಗನನ್ನು ಕಳಿಸಿದರು. ಕಂಬಗಳ ನಡುವೆ ಹೋದರೆ ಮೂರು ಅಂಕ, ಗೆಲುವು ಅವರದು.

ಆ ಹುಡುಗ ನೇಟ್‌ನನ್ನು ನಾನು ಬಲ್ಲೆ. ನಮ್ಮ ಕಾಲೇಜಿಗೆ ಸೆಳೆಯಲು ಅವನ ಹೈಸ್ಕೂಲಿಗೆ ಎಷ್ಟೋ ಶುಕ್ರವಾರ ಅಲೆದಿದ್ದೆ. ಬಿಸಿಬಿಸಿಯಲ್ಲಿ ಒದೆಯಲು ಬಿಟ್ಟರೆ ಗಾಬರಿಯಾಗಿ ಚೆಂಡನ್ನು ಎಡಕ್ಕೆ ಎಳೆಯುತ್ತಾನೆ. ಅದಕ್ಕೇ ಅವನ ಹೈಸ್ಕೂಲ್ ಕೋಚ್ ತಾನೇ ಟೈಮ್‌ಔಟ್ ಕೇಳಿ ಉಸಿರಾಡಿಸುತ್ತಿದ್ದ. ಉಸಿರು ಸರಿಹೋದರೆ ಆ ಹುಡುಗ ತಪ್ಪುವುದಿಲ್ಲ. ಈಗ ಟಾಲ್‌ಮನ್‌ನವರ ಬಳಿ ಟೈಮ್‌ಔಟ್ ಉಳಿದಿರಲಿಲ್ಲ. ಉಳಿದವರ ಕಾಲು ತಣ್ಣಗಾಗಿಸುವ ಮದ್ದು ಇವನಿಗೆ ಟಾನಿಕ್.

ಟ್ರಾಸ್ಕ್ ರೆಫರಿಯತ್ತ ಹೆಜ್ಜೆ ಹಾಕಿದ. ಅವನ ಕೈ ಮೇಲೇಳತೊಡಗಿತು.

ನಾನು ಏನೂ ಮಾಡಬೇಕಿರಲಿಲ್ಲ. ಸುಮ್ಮನೆ ನಿಂತಿದ್ದರೆ ಸಾಕು. ಅವನೇ ಕೈಯಾರೆ ತನ್ನ ಗುಂಡಿ ತೋಡಿಕೊಳ್ಳುತ್ತಿದ್ದ. ಹೆಡ್ ಕೋಚ್ ಕುರ್ಚಿ ನನ್ನ ಕಣ್ಣೆದುರಿಗೇ ಬಂದು ನಿಂತಿತ್ತು. ಎತ್ತು, ಮಗನೇ ಎತ್ತು ಎಂದು ಮನಸ್ಸು ಕುಣಿಯುತ್ತಿತ್ತು. ಅಷ್ಟರಲ್ಲಿ ಲವೆಲ್ ಕಂಡ. ಚೆಂಡಿಗೆ ಅಡ್ಡ ಹಾರಲು ಆ ಪಟ್ಟಿಯ ಕೈಯನ್ನೇ ನೆಲಕ್ಕೂರಿ ಬಾಗಿದ್ದ.

ಹೋಗಿ ಟ್ರಾಸ್ಕ್‌ನ ತೋಳು ಹಿಡಿದೆ.

"ಟೈಮ್‌ಔಟ್ ಬೇಡ."

"ಏನು?"

"ಈ ಹುಡುಗನಿಗೆ ಪುರುಸೊತ್ತು ಕೊಟ್ರೆ ಗುರಿ ತಪ್ಪಲ್ಲ. ನನಗೊತ್ತು."

"ಖಂಡಿತಾನಾ ಕೋಚ್? ನೀವು ಹೇಳಿದ್ರೆ—"

"ಕೈ ಇಳಿಸಯ್ಯಾ!"

ಇಳಿಸಿದ. ನೇಟ್ ಒದ್ದ. ಚೆಂಡು ಎಡಗಂಬಕ್ಕೆ ಟಣ್ಣೆಂದು ಬಡಿದು ಹೊರಗೆ ಬಿತ್ತು.

ಗೆದ್ದರೆ ಹುಡುಗರು ಐಸ್‌ನೀರಿನ ದೊಡ್ಡ ಡ್ರಮ್ ಎತ್ತಿ ಹೆಡ್ ಕೋಚ್ ತಲೆಯ ಮೇಲೆ ಸುರಿಯುವುದು ವಾಡಿಕೆ. ಹೊತ್ತು ಓಡಿ ಬಂದವನು ಲವೆಲ್ಲೇ. ನನ್ನ ಪಕ್ಕದಿಂದಲೇ ಹಾದು ಟ್ರಾಸ್ಕ್‌ನ ಮೇಲೆ ಸುರಿದ. ನನ್ನ ಪಾಲಿಗೆ ಬೂಟು ನೆನೆಯಿತು. ಆ ನೀರಿಗಾಗಿ ನಾನು ಎಷ್ಟು ವರ್ಷದಿಂದ ಬಾಯಾರಿದ್ದೆ ಎಂದು ಆ ಹುಡುಗನಿಗೇನು ಗೊತ್ತು?

ಟಿವಿಯವರು ಮೈಕ್ ಹಿಡಿದಾಗ ಟ್ರಾಸ್ಕ್ ಒದ್ದೆ ಕೂದಲಲ್ಲೇ ಹೇಳಿದ:

"ನಾನು ಕೈ ಎತ್ತಿಬಿಟ್ಟಿದ್ದೆ. ಕೋಚ್ ಡೈಕ್‌ಸ್ಟ್ರಾ ಹಿಡಿದು ಎಳೆದ್ರು. ಈ ಗೆಲುವು ಅವರದ್ದು."

ಮನೆಯಲ್ಲಿ ಆರ್ಡಿಸ್ ಕುಂಟುತ್ತಲೇ ಬಾಗಿಲಿಗೆ ಬಂದಳು. "ಕೇಳಿದ್ಯಾ? ನಿನ್ನ ಹೆಸರು ಹೇಳಿದ!"

"ಹೇಳಿದ. ಎಷ್ಟು ದೊಡ್ಡ ಮನಸ್ಸು ನೋಡು ಅಂತ ಅದಕ್ಕೂ ಚಪ್ಪಾಳೆ ಅವನಿಗೇ ಬಿತ್ತು."

ಸೋಮವಾರ ಅಧ್ಯಕ್ಷೆ ಅವನನ್ನು ಇನ್ನೂ ಐದು ವರ್ಷಕ್ಕೆ ಖಾಯಂ ಮಾಡಿದರು. ಮಂಗಳವಾರ ಗ್ಲೆಂಡಾಳ ಹೋಟೆಲಿಗೆ ಹೋದೆ. ಅವಳು ಬಾಗಿಲಲ್ಲೇ ನನ್ನ ತೋಳು ಹಿಡಿದು ಹಲಗೆಯ ಮುಂದೆ ನಿಲ್ಲಿಸಿದಳು. ಟ್ರಾಸ್ಕ್ ಪ್ಯಾನ್‌ಕೇಕ್, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ: ಜೊತೆಗೆ ಮರ್ಲ್ ಆಲೂಗೆಡ್ಡೆ ಫ್ರೈ.

"ಈಗ ಸಮಾಧಾನಾನಾ?"

ಕೌಂಟರಿನಲ್ಲಿ ಕೂತಿದ್ದ ಟ್ರಾಸ್ಕ್ ಪಕ್ಕದ ಸ್ಟೂಲನ್ನು ನನಗೆಂದು ಎಳೆದು ಹಲ್ಲು ಬಿಟ್ಟ. ಊರೇ ನನ್ನನ್ನು ನೋಡುತ್ತಿತ್ತು. ಕೂತೆ.

"ಪ್ಯಾನ್‌ಕೇಕ್ ಬೇಡ," ಎಂದೆ. "ಬರೀ ಆಲೂಗೆಡ್ಡೆ ಕೊಡು."

"ಅದು ಬಿಡಿಯಾಗಿ ಸಿಗಲ್ಲ ಮರ್ಲ್. ಟ್ರಾಸ್ಕ್ ಪ್ಯಾನ್‌ಕೇಕ್ ತಗೊಂಡ್ರೆ ಮಾತ್ರ."

ತಗೊಂಡೆ.