ತಿದ್ದುವ ಹಕ್ಕು

ಎಂಬತ್ತೆಂಟರ ಬೇಸಿಗೆ. ಅಣ್ಣಿಗೇರಿಯ ಹೊರಗಿದ್ದ ಹತ್ತಿಬೀಜ ಸಂಘದಲ್ಲಿ ಕಂಪ್ಯೂಟರ್ ಕೋಣೆಯ ಉಸ್ತುವಾರಿ ಮಹಾದೇವಕ್ಕನದು. ಬೀಜದ ಚೀಲಗಳಿಗೆ ಚೀಟಿ ಮುದ್ರಿಸುವ ಪ್ರೋಗ್ರಾಂ ಒಂದೇ ಇತ್ತು, ಅದನ್ನು ತಿದ್ದುವವರು ಅವಳು, ಮಡಿವಾಳೆಪ್ಪ, ಯಲ್ಲಪ್ಪ ಹೀಗೆ ಮೂವರು. ಒಬ್ಬರು ತಿದ್ದಲು ತೆಗೆದುಕೊಂಡರೆ, ಅವರು ಮರಳಿ ಇಡುವ ತನಕ ಉಳಿದವರು ಕಾಯಬೇಕು. ಯಾರು ಬರೀ ಓದಬಹುದು, ಯಾರು ತಿದ್ದಬಹುದು ಎಂದು ಯಂತ್ರಕ್ಕೆ ಹೇಳಿಕೊಡುವುದು ಮಾತ್ರ ಅವಳೊಬ್ಬಳಿಗೇ ಗೊತ್ತಿತ್ತು.

ಬಿತ್ತಿಗೆಗೆ ಇನ್ನೂ ಹೊತ್ತಿದ್ದಾಗಲೇ ಯರಗುಪ್ಪಿಯ ರೈತರು ಚೀಲಗಳನ್ನು ಗಾಡಿಯಲ್ಲಿ ಹೇರಿಕೊಂಡು ವಾಪಸ್ ಬಂದರು. ಒಣ ಬೇಸಾಯದ ಬೀಜಕ್ಕೆ ನೀರಾವರಿ ತಳಿಯ ಚೀಟಿ ಬಿದ್ದಿತ್ತು. ಹಿಂದಿನ ವಾರ ಪ್ರೋಗ್ರಾಂ ತಿದ್ದಿದ್ದವನು ಮಡಿವಾಳೆಪ್ಪ, ಮ್ಯಾನೇಜರ್ ಕುಬೇರಪ್ಪನ ಅಕ್ಕನ ಮಗ. ಅವನೇನೂ ಮುಚ್ಚಿಡಲಿಲ್ಲ. “ಅವಸರದಾಗ ತಪ್ಪಾತ್ರಿ” ಎಂದ.

ಸಂಜೆ ಕುಬೇರಪ್ಪ ಮಹಾದೇವಕ್ಕನನ್ನು ಕರೆಸಿದ. “ಭಾಳ ಮಂದಿ ಕೈ ಹಾಕಿದ್ರ ಹಿಂಗ ಆಗೂದು. ಯಲ್ಲಪ್ಪಗ ಬರೇ ನೋಡಾಕ ಬಿಡ್ರಿ. ತಿದ್ದೂದು ಬ್ಯಾಡ.”

“ತಪ್ಪು ಮಾಡಿದಾಂವ ಮಡಿವಾಳೆಪ್ಪ ಅಲ್ಲೇನ್ರಿ?”

“ಗೊತ್ತೈತಿ. ಹೇಳಿದಷ್ಟು ಮಾಡ್ರಿ.”

ಅವಳು ಮಾಡಿದಳು. ಒಂದು ಸಾಲು ಟೈಪ್ ಮಾಡಿದರೆ ಮುಗಿಯುವ ಕೆಲಸ.

ಮರುದಿನ ಯಲ್ಲಪ್ಪ ಬಂದು ಕುಳಿತ. ತಂಬೂರು ಎಂಬ ಹಳ್ಳಿಯ ಹುಡುಗ. ಅವನ ಕೇರಿಯಲ್ಲಿ ಕಾಲೇಜು ಮುಗಿಸಿದವರು ಮತ್ತಾರೂ ಇರಲಿಲ್ಲ. ಪ್ರೋಗ್ರಾಂ ತಿದ್ದಲು ತೆಗೆದುಕೊಳ್ಳಹೋದರೆ ಯಂತ್ರ ಒಲ್ಲೆನೆಂದಿತು. ತನ್ನ ಬೆರಳೇ ತಪ್ಪಿರಬೇಕೆಂದು ಮತ್ತೆ ಟೈಪ್ ಮಾಡಿದ. ಮತ್ತೆ ಅದೇ. ಮಹಾದೇವಕ್ಕ ಬೇಡದ ಕಾಗದಗಳನ್ನು ಜೋಡಿಸುತ್ತ ನಿಂತವಳು ಕೊನೆಗೆ ಹೇಳಿದಳು, “ತಿದ್ದೋರ ಪಟ್ಟಿಯಿಂದ ನಿನ್ನ ಹೆಸರು ನಾನ ತಗದೀನಿ ಯಲ್ಲಪ್ಪ. ಸಾಹೇಬ್ರು ಹೇಳಿದ್ರು. ಓದಾಕೇನೂ ಅಡ್ಡಿ ಇಲ್ಲ.”

ಅವನು ಕುರ್ಚಿಯಿಂದ ಏಳಲಿಲ್ಲ. “ನಮ್ಮವ್ವ ಕೊಡಾ ಹಿಡಕೊಂಡು ಬಾವಿ ದಂಡಿಗೆ ನಿಂದರತಿದ್ಲರಿ. ಯಾರರ ಬಂದು ನೀರು ಎತ್ತಿ ಹಾಕೂ ತನಕಾ. ಆಕಿಗೂ ನೋಡಾಕ ಅಡ್ಡಿ ಇರಲಿಲ್ಲ.”

ಅದಕ್ಕೂ ಇದಕ್ಕೂ ಏನು ಸಂಬಂಧ ಎನ್ನಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲೇ ನೆನಪಾಯಿತು. ಕುಂದಗೋಳದ ತನ್ನ ತವರಿನ ಹಿತ್ತಲಲ್ಲೂ ಒಂದು ಬಾವಿಯಿತ್ತು. ಅಲ್ಲಿ ನೀರು ಎತ್ತಿ ಹಾಕುತ್ತಿದ್ದವರಲ್ಲಿ ಅವಳೂ ಒಬ್ಬಳು.

ಆಮೇಲೆ ಯಲ್ಲಪ್ಪ ತಿದ್ದುಪಡಿಗಳನ್ನು ಕಾಗದದ ಮೇಲೆ ಬರೆದು ಕೊಡತೊಡಗಿದ. ಮಡಿವಾಳೆಪ್ಪ ಅವನ್ನು ಟೈಪ್ ಮಾಡುತ್ತಿದ್ದ. ಚೀಟಿಗಳು ಸರಿಯಾದವು. ಸಂಘದ ನಿರ್ದೇಶಕರು ಬಂದು ಮಡಿವಾಳೆಪ್ಪನ ಬೆನ್ನು ತಟ್ಟಿದರು. ಯಲ್ಲಪ್ಪ ಪಕ್ಕದಲ್ಲೇ ಇದ್ದ. ಮಡಿವಾಳೆಪ್ಪ ನೆಲ ನೋಡಿದ.

ಮಹಾದೇವಕ್ಕ ನೆಟ್ಟಗೆ ಕುಬೇರಪ್ಪನ ಕೋಣೆಗೆ ಹೋದಳು. “ಇನ್ನು ಮ್ಯಾಲೆ ಯಾರು ತಿದ್ದಿದ್ರೂ ಇನ್ನೊಬ್ರು ನೋಡಿದ ಮ್ಯಾಲೇ ಒಳಗ ಹೋಗ್ಬೇಕ್ರಿ. ನಂದಾದ್ರೂ ಅಷ್ಟ, ಮಡಿವಾಳೆಪ್ಪಂದಾದ್ರೂ ಅಷ್ಟ. ಯಲ್ಲಪ್ಪನ ಹೆಸರು ತಿರುಗಿ ಹಾಕ್ತೀನಿ.”

“ನೀವೇನ್ ನನಗ ಕಾಯ್ದೆ ಕಲಿಸಾಕ ಬಂದೀರೇನು?”

“ಹಂಗಲ್ರಿ. ಇದು ಆಗೂದಿಲ್ಲಂದ್ರ ಈ ಉಸ್ತುವಾರಿ ಬ್ಯಾರೆಯವರಿಗೆ ಕೊಡ್ರಿ. ಇನ್ನೊಮ್ಮಿ ಅಂಥಾ ಕೆಲಸ ನನ್ನ ಕೈಲೆ ಆಗೂದಿಲ್ಲ.”

ಕುಬೇರಪ್ಪ ಕಿಟಕಿಯಾಚೆ ಸಾಲುಗಟ್ಟಿದ್ದ ಗಾಡಿಗಳನ್ನು ನೋಡಿದ. ಬಿತ್ತಿಗೆ ಹತ್ತಿರ ಬಂದಿತ್ತು, ಆ ಕೆಲಸ ಬಲ್ಲವರು ಬೇರೆ ಇರಲಿಲ್ಲ. “ಏನರ ಮಾಡ್ಕೋರಿ” ಎಂದು ಮುಖ ತಿರುಗಿಸಿದ.

ಯಲ್ಲಪ್ಪ ಹಿಗ್ಗಬಹುದೆಂದು ಅವಳು ಅಂದುಕೊಂಡಿದ್ದಳು. ಅವನು ಕೇಳಿದ್ದು ಇಷ್ಟೇ: “ಇವತ್ತ ಕೊಟ್ಟೀರಿ. ನಾಳಿ ಮತ್ತ ತಗೀಬಹುದಲ್ರಿ?”

ಸುಳ್ಳು ಹೇಳಲು ಮನಸ್ಸಾಗಲಿಲ್ಲ. “ತಗೀಬಹುದು” ಎಂದಳು.

ಅವನು ತಲೆಯಾಡಿಸಿ ಕೆಲಸಕ್ಕೆ ಕುಳಿತ. ಮಧ್ಯಾಹ್ನ ತನ್ನ ತಿದ್ದುಪಡಿಯನ್ನು ಪರದೆಯ ಮೇಲೆ ಅವಳಿಗೆ ತೋರಿಸಿದ. ಅದರಲ್ಲೊಂದು ಸಣ್ಣ ತಪ್ಪಿತ್ತು, ಒಂದು ತಳಿಯ ಹೆಸರು ಬಿಟ್ಟುಹೋಗಿತ್ತು. ಬೇರೆ ಯಾರದ್ದಾಗಿದ್ದರೂ ಆಗಲೇ ಹೇಳಿಬಿಡುತ್ತಿದ್ದಳು. ಈಗ ಪರದೆಯನ್ನೇ ನೋಡುತ್ತ ಕುಳಿತಳು.

“ತಪ್ಪೈತೇನ್ರಿ?” ಯಲ್ಲಪ್ಪನೇ ಕೇಳಿದ.

“ಹೂಂ. ಇಲ್ಲಿ.”

ಅವನು ಬಗ್ಗಿ ನೋಡಿದ, ತಿದ್ದಿದ. ಅವಳ ಮುಖ ಮಾತ್ರ ನೋಡಲಿಲ್ಲ.