ಐವತ್ತು ವೋಲ್ಟು

ಕೇಬಲ್ಲಿನ ಒಂದು ಕ್ಲಿಪ್ಪನ್ನು ಬ್ಯಾಟರಿಯ ಮೈನಸ್ಸಿಗೆ ಕಚ್ಚಿಸಿ, ಇನ್ನೊಂದನ್ನು ಪ್ಲಸ್ಸಿನ ಕಡೆಗೆ ಒಯ್ಯುವಾಗ ಅವನು ತಲೆಯೆತ್ತಿದ. ಲ್ಯಾಬಿನ ಮೇಜಿನಾಚೆ ನಿಂತಿದ್ದ ಹುಡುಗಿ ಅವನ ಕೈಯನ್ನೇ ನೋಡುತ್ತಿದ್ದಳು. ಬಾಯಿ ತೆರೆದಳು. ಮುಚ್ಚಿಕೊಂಡಳು. ಕ್ಲಿಪ್ಪು ತಗುಲಿತು.

ಲಾರಿ ಟೈರು ಸಿಡಿದಂಥ ಸದ್ದು. ಕಣ್ಣು ಕುಕ್ಕುವ ಬಿಳಿ. ಕೇಬಲ್ಲಿನ ತುದಿ ಕರಗಿ ಎಡಗೈಯ ಮೇಲೆ ಹನಿಯಿತು.

"ಕಂಬ ಸುಟ್ಟೋಯ್ತು ಕಣ್ರೋ!" ಹಿಂದಿನಿಂದ ಯಾರೋ ಕೂಗಿದರು. ಒಂದಷ್ಟು ಜನ ನಕ್ಕರು ಕೂಡ, ಕೈ ಕಾಣುವವರೆಗೆ.

ಕಂಬ ಅಂದರೆ ಅವನೇ. ನಲವತ್ತಾರು ವರ್ಷ. ಹತ್ತೊಂಬತ್ತು ವರ್ಷ ಲೈನ್‌ಮನ್ನಾಗಿ ಕಂಬ ಹತ್ತಿದವನು. ನಡುವೆ ಸಂಜೆ ಕಾಲೇಜಿನಲ್ಲಿ ಇಂಜಿನಿಯರಿಂಗ್ ಮುಗಿಸಿಕೊಂಡು, ಈಗ ಎರಡು ವರ್ಷ ರಜೆ ಹಾಕಿ ಸುಸ್ಥಿರ ವಿದ್ಯುತ್ತು, ಎಲೆಕ್ಟ್ರಿಕ್ ವಾಹನಗಳ ಸ್ನಾತಕೋತ್ತರ ತರಗತಿಯ ಮೊದಲ ಬೆಂಚಿನಲ್ಲಿ ಕೂತಿದ್ದ. ಡಿಗ್ರಿ ಸಿಕ್ಕರೆ ಆಫೀಸಿನಲ್ಲಿ ಒಂದು ಕುರ್ಚಿ. ಸಿಗದಿದ್ದರೆ ರಜೆ ಮುಗಿದ ಮರುದಿನ ಮತ್ತೆ ಏಣಿ. ಮಂಡಿಗಳು ಏಣಿಗೆ ಆಗಲೇ ರಾಜೀನಾಮೆ ಕೊಟ್ಟಿದ್ದವು.

ಮೇಜಿನಾಚೆಯ ಹುಡುಗಿ ಅವನ ಮಗಳು. ತರಗತಿಯಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ. ಮೊದಲ ದಿನ ಬಸ್ಸಿನಲ್ಲೇ ಅವಳು ಹೇಳಿದ್ದಳು, "ಅಪ್ಪ, ಗೇಟಿನ ಒಳಗೆ ನೀನ್ಯಾರೋ ನಾನ್ಯಾರೋ." ಅವನು ತಮಾಷೆ ಅಂದುಕೊಂಡು ನಕ್ಕಿದ್ದ. ಎರಡನೇ ದಿನದಿಂದ ಅವಳು ಬೇರೆ ಬಸ್ಸು ಹಿಡಿದಳು.

ಲೈನು ಆಫ್ ಆಗಿದೆ ಎಂದು ಯಾರು ಹೇಳಿದರೂ ಲೈನ್‌ಮನ್ ನಂಬುವುದಿಲ್ಲ. ತಂತಿಗಳನ್ನೆಲ್ಲ ಒಂದಕ್ಕೊಂದು ಸೇರಿಸಿ ನೆಲಕ್ಕೆ ಕಟ್ಟಿ ಅರ್ಥ್ ಮಾಡಿದ ಮೇಲೆಯೇ ಮುಟ್ಟುವುದು. ಹಾಗೆ ಕಟ್ಟದೆ ಮುಟ್ಟಿದ ಇಬ್ಬರನ್ನು ಅವನೇ ಕಂಬದಿಂದ ಹೆಗಲ ಮೇಲೆ ಹೊತ್ತು ಇಳಿಸಿದ್ದ. ಆ ದಿನ ಲ್ಯಾಬಿನಲ್ಲಿ ಸ್ವಿಚ್ಚು ಆಫ್ ಆಗಿತ್ತು, ಬ್ಯಾಟರಿಯ ಮುಚ್ಚಳ ತೆಗೆದಿತ್ತು. ಮುಟ್ಟುವ ಮೊದಲು ಎರಡು ತುದಿಯನ್ನೂ ಸೇರಿಸಿ ಕಟ್ಟಲು ಕೈ ತನ್ನಷ್ಟಕ್ಕೆ ತಾನು ಕೇಬಲ್ಲಿಗೆ ಹೋಯಿತು. ತಂತಿಯ ಕರೆಂಟು ಬೇರೆಲ್ಲಿಂದಲೋ ಬರುತ್ತದೆ, ಕಡಿದರೆ ನಿಲ್ಲುತ್ತದೆ. ಬ್ಯಾಟರಿಯದು ಅದರ ಹೊಟ್ಟೆಯಲ್ಲೇ ಇರುತ್ತದೆ. ಪರೀಕ್ಷೆಯಲ್ಲಿ ಕೇಳಿದ್ದರೆ ಅವನು ಇದನ್ನೇ ಅರ್ಧ ಪುಟ ಬರೆಯುತ್ತಿದ್ದ. ಹನ್ನೊಂದು ಸಾವಿರ ವೋಲ್ಟಿನ ಕೆಳಗೆ ಬುತ್ತಿ ಬಿಚ್ಚಿ ಉಂಡವನಿಗೆ ಬ್ಯಾಟರಿಯ ಐವತ್ತು ವೋಲ್ಟು ಯಾವ ಲೆಕ್ಕ ಎಂಬ ಜಂಬವೂ ಇತ್ತು, ಇಲ್ಲವೆನ್ನಲಾಗದು.

ಆ ಬ್ಯಾಟರಿಯನ್ನು ತುಂಬಿಸುತ್ತ, ಬರಿದು ಮಾಡುತ್ತ, ಅದು ಎಷ್ಟು ಬೇಗ ಮುದಿಯಾಗುತ್ತದೆ ಎಂದು ತರಗತಿಯ ನಾಲ್ವರು ಐದು ತಿಂಗಳಿಂದ ಅಳೆಯುತ್ತಿದ್ದರು. ನಾಲ್ವರಲ್ಲಿ ಮಗಳೂ ಒಬ್ಬಳು. ಐದು ತಿಂಗಳೂ ಒಂದೇ ಸದ್ದಿಗೆ ಹೋದವು.

ಅದಾದ ಮೂರನೇ ದಿನ ಪ್ರೊಫೆಸರ್ ಇಬ್ಬರಿಗೂ ಹೇಳಿಕಳಿಸಿದರು. ಕೋಣೆಯ ಹೊರಗಿನ ಬೆಂಚಿನಲ್ಲಿ ಅಪ್ಪ ಮಗಳು ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತರು.

"ನಾನು ಕ್ಲಿಪ್ ಹಾಕೋದನ್ನ ನೀನು ನೋಡ್ದೆ," ಎಂದ.

"ನೋಡ್ದೆ."

"ಕೂಗಬಹುದಿತ್ತಲ್ಲ?"

"ಬಾಯಿಗೆ ಬಂದಿದ್ದು ಅಪ್ಪಾ ಅಂತ." ಅವಳು ಮೊಬೈಲಿನಿಂದ ಕಣ್ಣೆತ್ತಲಿಲ್ಲ. "ಅಷ್ಟೂ ಜನರ ಮುಂದೆ."

ಬ್ಯಾಂಡೇಜಿನೊಳಗೆ ತುರಿಸಿತು. "ಕಂಬ ಅಂತಾದ್ರೂ ಕೂಗಬೇಕಿತ್ತು ಮಾರಾಯ್ತಿ," ಎಂದ.

ಅವಳಿಗೆ ನಗು ತಡೆಯಲಾಗಲಿಲ್ಲ. "ಆ ಹೆಸರಿಟ್ಟಿದ್ದೇ ನಾನು," ಎಂದಳು. "ಎಲ್ಲರೂ ಏನೋ ಒಂದು ಇಡ್ತಿದ್ರು. ನಾನೊಬ್ಬಳೇ ಸುಮ್ಮನಿದ್ರೆ ಅನುಮಾನ ಬರ್ತಿತ್ತು."

ಒಳಗೆ ಕರೆದರು. ಪ್ರೊಫೆಸರ್ ಒಳ್ಳೆಯ ಮನುಷ್ಯ. ಎದ್ದು ತಾವೇ ಅವನಿಗೆ ಕುರ್ಚಿ ಎಳೆದುಕೊಟ್ಟರು.

"ಸಮಿತಿಯವರು ನಿಮ್ಮನ್ನ ಕೋರ್ಸಿನಿಂದಲೇ ತೆಗೀಬೇಕು ಅಂತ ಕೂತಿದ್ರು. ನಾನು ಹೇಗೋ ಒಪ್ಪಿಸಿದೀನಿ. ನೀವು ಇನ್ನು ಲ್ಯಾಬಿನ ಬಾಗಿಲು ತುಳೀಬಾರದು, ಅಷ್ಟೇ. ಉಳಿದ ಪ್ರಯೋಗಗಳನ್ನೆಲ್ಲ ಈ ಹುಡುಗಿ ಮಾಡಿ, ನಿಮ್ಮ ಹೆಸರಲ್ಲಿ ಬರೆದುಕೊಡ್ತಾಳೆ. ಅವಳೇ ಬಂದು ಕೇಳಿಕೊಂಡಳು ನೋಡಿ. ನಿಮಗೂ ಅವಳಿಗೂ ಪರಿಚಯ ಕೂಡ ಇಲ್ಲ. ಯಾರು ಮಾಡ್ತಾರೆ ಈ ಕಾಲದಲ್ಲಿ?"

ಅವನು ಮಗಳ ಕಡೆ ನೋಡಿದ. ಅವಳು ಪ್ರೊಫೆಸರ್ ಕಡೆ ನೋಡುತ್ತಿದ್ದಳು.

"ಮನೇಲಿ ಆರಾಮಾಗಿ ಇರಿ. ಡಿಗ್ರಿ ಬರತ್ತೆ. ಈ ವಯಸ್ಸಿಗೆ ನಿಮಗೆ ಇನ್ನೇನು ಬೇಕು ಹೇಳಿ?"

"ಒಪ್ಕೊಳ್ಳಿ ಸರ್," ಎಂದಳು ಮಗಳು. ಸರ್ ಎಂದದ್ದು ಅಪ್ಪನಿಗೆ. "ಎಲ್ಲರಿಗೂ ಒಳ್ಳೇದು."

ಪ್ರೊಫೆಸರ್ ಒಪ್ಪಿಗೆಯ ಕಾಗದವನ್ನು ಅವನತ್ತ ತಿರುಗಿಸಿ, ಅದರ ಮೇಲೆ ಪೆನ್ನಿಟ್ಟರು. ಎಡಗೈ ಕಟ್ಟಿದ್ದರಿಂದ, ಕಾಗದ ಅಲುಗದ ಹಾಗೆ ಮಗಳೇ ಅದರ ಮೂಲೆಯನ್ನು ಒತ್ತಿ ಹಿಡಿದಳು. ಗೇಟಿನ ಒಳಗೆ ಅವಳು ಅವನಿಗೆ ಇಷ್ಟು ಹತ್ತಿರ ನಿಂತದ್ದು ಇದೇ ಮೊದಲು.

"ಬೇಡ," ಎಂದ ಅವನು. "ನನ್ನ ಪ್ರಯೋಗ ನಾನೇ ಮಾಡ್ತೀನಿ. ಆಗಲ್ಲ ಅಂದ್ರೆ ತೆಗೆದುಹಾಕಿ."