ಟೈ ಕಟ್ಟಿದ ಇಬ್ಬರು

ಎಂಬತ್ತೈದನೇ ಇಸವಿಯಲ್ಲಿ ನನ್ನ ಮೈದುನ ಮಡಿವಾಳೆಪ್ಪನಿಗೆ ಎರಡು ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಸೀಟು ಸಿಕ್ಕಿತು. ಹಳೆಯ ಕಾಲೇಜಿನಲ್ಲಿ ಸಿವಿಲ್, ಹೊಸದರಲ್ಲಿ ಎಲೆಕ್ಟ್ರಾನಿಕ್ಸ್. ಸೋಮವಾರದೊಳಗೆ ಒಂದನ್ನು ಬಿಡಬೇಕಿತ್ತು. ಬಿಟ್ಟದ್ದು ಮತ್ತೆ ಸಿಗುವಂತಿರಲಿಲ್ಲ. ಅವನ ಮನಸ್ಸು ಹೊಸದರ ಮೇಲಿತ್ತು.

ಅದನ್ನು ತೋರಿಸಲು ನಮ್ಮನ್ನು ಕರೆದೊಯ್ದವರು ಮಾವನವರ ದೂರದ ಸಂಬಂಧಿ ಶಂಭುಲಿಂಗಪ್ಪ. ಆ ಕಾಲೇಜಿನ ಆಡಳಿತ ಮಂಡಳಿಯಲ್ಲಿ ಅವರೂ ಒಬ್ಬರು. ಇಂಗ್ಲಿಷ್ ಓದಿ ಹೇಳಲಿ ಎಂದು ಮಾವನವರು ನನ್ನನ್ನೂ ಕರೆದುಕೊಂಡರು. ಗಂಡ ತೀರಿಕೊಂಡ ಮೇಲೆ ನಾನು ನಮ್ಮೂರು ಸಂಶಿ ಬಿಟ್ಟು ಹೊರಟದ್ದು ಅದೇ ಮೊದಲು.

ಕಟ್ಟಡವಿತ್ತು, ಯಂತ್ರಗಳಿದ್ದವು. ಆಫೀಸಿನಲ್ಲಿ ಟೈ ಕಟ್ಟಿದ ಇಬ್ಬರು ಕುಳಿತಿದ್ದರು.

“ನಮ್ಮ ಹುಡುಗ್ರ ಇವ್ರು,” ಎಂದರು ಶಂಭುಲಿಂಗಪ್ಪ. “ಇಲ್ಲೇ ಕಲ್ತು ಬೆಂಗಳೂರಾಗ ದೊಡ್ಡ ಕಾರ್ಖಾನಿ ನೌಕರಿ ಹಿಡದಾರ. ಮಡಿವಾಳೆಪ್ಪಂದೂ ಹಿಂಗ ಆಗತೈತಿ ನೋಡ್ರಿ.”

ಇಬ್ಬರೂ ನಕ್ಕರು.

ಮನೆಗೆ ಬಂದು ಕಾಲು ತೊಳೆದವರೇ ಮಾವನವರು ಅಂದರು: “ನಾಳಿ ಮತ್ತ ಹೋಗೂಣು. ಶಂಭುಗ ಹೇಳೂದು ಬ್ಯಾಡ.”

“ಯಾಕ ಯಪ್ಪಾ? ಎಲ್ಲಾ ನೋಡೇವಲ್ಲ,” ಮಡಿವಾಳೆಪ್ಪ ರೇಗಿದ.

“ತೋರ್ಸಿದ್ದು ನೋಡೇವಿ.” ನನ್ನ ಕಡೆ ನೋಡದೆ ಮುಂದುವರಿಸಿದರು, “ಈಕಿ ಅಪ್ಪ ಮನಿತನ ನೋಡಾಕ ಬಂದಾಗ ನಮ್ಮ ಕೊಟ್ಟಿಗ್ಯಾಗ ಆರು ಎತ್ತು ಇದ್ವು. ನಾಲ್ಕು ಬಾಜೂ ಮನಿ ಲಕ್ಷ್ಮಣಪ್ಪನ್ವು. ಆ ದಿನಕ್ಕಷ್ಟ ಕಟ್ಟಿದ್ದೆ.”

“ಗೊತ್ತೈತ್ರಿ,” ಅಂದೆ. “ನಾ ಲಗ್ನಾಗಿ ನಡ್ಯಾಕ ಬಂದಾಗ ಎರಡ ಇದ್ವು.”

“ನಿಮ್ಮಪ್ಪಗ ಮೊದಲ ಗೊತ್ತಾಗಿದ್ರ, ವೈನಿ?” ಮಡಿವಾಳೆಪ್ಪ ಕೇಳಿದ.

“ಕೊಡ್ತಿರಲಿಲ್ಲ.”

ಮಾವನವರು ತಲೆಗೆ ಸುತ್ತಿದ್ದ ಪಟಗಾ ತೆಗೆದು ಗೂಟಕ್ಕೆ ಹಾಕಿದರು. “ಹುಡುಗ ಮಾತ್ರ ನಮ್ಮಾಂವನ ಇದ್ದ,” ಎಂದರು.

ಅದು ನಿಜ.

ಮರುದಿನ ಹೇಳದೆ ಹೋದೆವು. ಕಾಲೇಜಿನ ಹೊರಗೆ ಬೇವಿನ ಗಿಡದ ಕೆಳಗೆ ವಿದ್ಯಾರ್ಥಿಗಳು ನಿಂತಿದ್ದರು. ಮಾವನವರು ಒಬ್ಬನನ್ನು ತಡೆದರು. “ತಮ್ಮಾ, ಇಲ್ಲಿ ಕಲ್ತು ನೌಕರಿ ಹಿಡದಾಂವನ್ನ ಒಬ್ಬಾಂವನ್ನ ತೋರ್ಸು.”

“ಎಲ್ಲಿಂದ ತೋರ್ಸ್ಲಿ ಅಜ್ಜಾರ? ಇನ್ನೂ ಯಾರೂ ಮುಗಿಸೇ ಇಲ್ಲ. ನಾವ ಮೊದಲಿನವ್ರು. ನಮ್ದ ಇನ್ನೂ ಎರಡು ವರ್ಷ ಐತಿ.”

ಮಡಿವಾಳೆಪ್ಪನ ಮುಖ ಇಳಿಯಿತು. “ಮತ್ತ ನಿನ್ನೆ ಟೈ ಕಟ್ಟಿದವ್ರು?”

“ಲಕ್ಷ್ಮಣಪ್ಪನ ಎತ್ತು,” ಎಂದರು ಮಾವನವರು.

ಅಲ್ಲಿಂದ ನೇರವಾಗಿ ಹಳೆಯ ಕಾಲೇಜಿಗೆ ಹೋದೆವು. ಅದನ್ನೂ ಅವರು ನಂಬಿರಲಿಲ್ಲ. ಗೇಟಿನಲ್ಲಿ ಸೈಕಲ್ ಹಿಡಿದು ನಿಂತಿದ್ದ ಹುಡುಗನಿಗೆ ಅದೇ ಪ್ರಶ್ನೆ ಹಾಕಿದರು.

“ನೌಕರಿ ಹಿಡದವ್ರು ಊರೂರಾಗ ಅದಾರ್ರಿ,” ಎಂದ ಅವನು. “ಹೋದ ವರ್ಷ ಮುಗಿಸಿದವ್ರಿಬ್ರು ಮಾತ್ರ ನಮ್ಮ ರೂಮಿನಾಗ ಬಿದ್ದಾರ. ದಿನಾ ಅರ್ಜಿ ಬರಿಯೂದು, ನಮ್ಮ ರೊಟ್ಟಿ ತಿನ್ನೂದು.”

“ಕೇಳಿದ್ಯಾ ಯಪ್ಪಾ? ಇಲ್ಲಿ ಕಲ್ತ್ರೂ ನೌಕರಿ ಇಲ್ಲ!”

“ಕೇಳಿದೆ. ತಮ್ಮಾ, ಆ ಇಬ್ರನ್ನ ಕರ್ಕೊಂಡ ಬಾ. ಕಣ್ಲೆ ನೋಡಬೇಕು.”

ಬಂದರು. ಒಬ್ಬನ ಗಡ್ಡ ಬೆಳೆದಿತ್ತು.

“ಇಲ್ಲೇ ಕಲ್ತೀರೇನು?”

“ಹೌದ್ರಿ.”

“ನೌಕರಿ?”

“ಇನ್ನೂ ಇಲ್ಲರಿ.”

ಮಾವನವರು ಮಗನ ಕಡೆ ತಿರುಗಿದರು. “ಇವ್ರನ್ನ ಯಾರೂ ತೋರ್ಸಾಕ ತಂದು ಕಟ್ಟಿಲ್ಲ. ಹೋಗು, ಇಲ್ಲೇ ಹೆಸರು ಹಚ್ಚು.”

“ವೈನಿ, ನೀವರ ಹೇಳ್ರಿ,” ಎಂದ ಮಡಿವಾಳೆಪ್ಪ.

ಅವನ ಕೈಯಿಂದ ಮಾರ್ಕ್ಸ್ ಕಾರ್ಡು ತೆಗೆದುಕೊಂಡು ನಾನು ಆಫೀಸಿನ ಕಡೆ ನಡೆದೆ. ಸ್ವಲ್ಪ ಹೊತ್ತಿಗೆ ಅವನ ಚಪ್ಪಲಿಯ ಸಪ್ಪಳ ಹಿಂದೆ ಬಂತು.